ಶ್ರೀಮದ್ ಛಾಯಾಗ್ರಾಹಕರು

ಕೆನರಾ ಬ್ಯಾಂಕಿಗೆ 1906ರಲ್ಲಿಯೂ, ಕರ್ಣಾಟಕ ಬ್ಯಾಂಕಿಗೆ 1924ರಲ್ಲಿಯೂ, ವಿಜಯಾ ಬ್ಯಾಂಕಿಗೆ 1931ರಲ್ಲಿಯೂ ಜನ್ಮವಿತ್ತ ಮಂಗಳೂರು ನಗರದಲ್ಲಿ ನಿವೃತ್ತ ಬ್ಯಾಂಕು ಅಧಿಕಾರಿಗಳಿಗೆ ಎಂದೂ ಬರಗಾಲವಿಲ್ಲ. ಅವರಲ್ಲಿ ಕೆಲವರು ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯನ್ನೂ, ಕೆಲವರು ತಾಳಮದ್ದಳೆಯ ಮುಂದಿನ ಸಾಲಿನ ಕುರ್ಚಿಯನ್ನೂ ಆಶ್ರಯಿಸಿದರೆ, ಮಿಕ್ಕವರು ಕೊರಳಿಗೆ ಕ್ಯಾಮೆರಾ ಧರಿಸಿ ಛಾಯಾಗ್ರಹಣದ ದೀಕ್ಷೆಯನ್ನು ಕೈಗೊಳ್ಳುತ್ತಾರೆ. ಈ ಮೂರನೆಯ ವರ್ಗದ ಮಹನೀಯರು ಕದ್ರಿ ಉದ್ಯಾನದಲ್ಲಿ ಯಾವುದಾದರೊಂದು ದಾಸವಾಳದ ಮುಂದೆ ಮೊಣಕಾಲೂರಿ ಕುಳಿತಿರುವುದನ್ನು ನೀವು ಕಂಡೇ ಇರುತ್ತೀರಿ.

'ಆಟೋ'ವನ್ನು ಮುಟ್ಟುವುದಿಲ್ಲವೆಂಬುದು ಇವರ ಪ್ರಥಮ ಪ್ರತಿಜ್ಞೆ. ಅಪರ್ಚರಿನ ರಂಧ್ರವು ಒಂದು ಸ್ಟಾಪ್ ಹಿಗ್ಗಿದರೆ ಶಟರಿನ ಕಾಲವು ಅರ್ಧಕ್ಕಿಳಿಯತಕ್ಕದ್ದು, ಎಫ್ 8ರಲ್ಲಿ ಸೆಕೆಂಡಿನ 125ನೆಯ ಒಂದು ಪಾಲು ಬೇಡುವ ಬೆಳಕಿಗೆ ಎಫ್ 5.6ರಲ್ಲಿ 250ನೆಯ ಒಂದು ಪಾಲೇ ಸಾಕು ಎಂಬ ನ್ಯಾಯವು, ಜನ್ಮವಿಡೀ ಜಮಾಖರ್ಚುಗಳನ್ನು ಸರಿದೂಗಿಸಿದ ಬುದ್ಧಿಗೆ ಲೆಡ್ಜರಿನ ಎರಡು ಪುಟಗಳಂತೆ ನಿರಾಯಾಸವಾಗಿ ಗೋಚರಿಸುತ್ತದೆ. ಆದರೆ ಲೆಕ್ಕವು ತಾಳೆಯಾಗುವಷ್ಟರಲ್ಲಿ ಬಂಗ್ರಕೂಳೂರಿನ ಕಂಬಳದ ಕೋಣಗಳು ಮಂಜೊಟ್ಟಿಯನ್ನು ಸೇರಿರುತ್ತವೆ. ಚಿತ್ರದಲ್ಲಿ ಉಳಿಯುವುದು ಕೆಸರುನೀರು ಮಾತ್ರ. ಇನ್ನು ಐಎಸ್‌ಒ ಎಂಬ ಮೂರನೆಯ ಖಾತೆಯಂತೂ ಇವರ ಸ್ಮರಣೆಯಲ್ಲಿ ನಿಲ್ಲುವುದೇ ಇಲ್ಲ. ನವರಾತ್ರಿಯ ಇರುಳು ಕುದ್ರೋಳಿಯ ದೀಪಾಲಂಕಾರಕ್ಕೆಂದು 3200ಕ್ಕೆ ಏರಿಸಿದ್ದನ್ನು ಇಳಿಸದೆ ಮರುದಿನ ನಡುಹಗಲಲ್ಲಿ ಪಣಂಬೂರಿಗೆ ಹೋದ ಮಹಾಶಯರ ಚಿತ್ರದಲ್ಲಿ ಅರಬ್ಬೀ ಸಮುದ್ರವು ಕ್ಷೀರಸಾಗರವಾಗಿ ಪರಿಣಮಿಸಿತ್ತು; ಅದೊಂದು ಶೈಲಿಯೆಂದು ಅವರು ಗಾಂಭೀರ್ಯದಿಂದ ನುಡಿದರು.

ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯ ವಸ್ತುವನ್ನು ಗೆರೆಗಳು ಸಂಧಿಸುವಲ್ಲಿ ಇರಿಸಬೇಕೆಂಬ ಸೂತ್ರವನ್ನು ಕಲಿತ ಮೇಲೆ ಇವರ ಪ್ರಪಂಚದಲ್ಲಿ ಮಧ್ಯವೆಂಬುದೇ ಇಲ್ಲವಾಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಮುಂದೆ ಧರ್ಮಪತ್ನಿಯನ್ನು ಒಂದು ಅಂಚಿಗೆ ಸರಿಸಿ ತೆಗೆದ ಚಿತ್ರವನ್ನು ತೋರಿಸಿದಾಗ ಆ ಸಾಧ್ವಿ ಕೇಳಿದ್ದಿಷ್ಟೆ: "ಎಂತದು ಮಾರಾಯ್ರೆ, ನಡುವಿನಲ್ಲಿ ಇನ್ನು ಯಾರು ಬರ್ಲಿಕ್ಕುಂಟು?"

ಆಕೆಯ ಸಹನೆಗೆ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ. ನಮ್ಮ ಕರಾವಳಿಯ ಆರ್ದ್ರ ವಾಯುವಿನಲ್ಲಿ ಮಸೂರದ ಗಾಜಿಗೂ ಬೂಷ್ಟು ಹಿಡಿಯುವುದರಿಂದ, ಸಿಲಿಕಾ ಜೆಲ್ಲಿನ ಪೊಟ್ಟಣಗಳು ತೀರಿದ ದಿನ ಮಹಾಶಯರು ಲೆನ್ಸನ್ನು ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತಾರೆ. ಗಂಜಿಗೆ ಅಕ್ಕಿಯಳೆಯುವ ಪಾವಿಗೆ ಅದು ತಗಲುತ್ತದೆ.

ಇವರನ್ನು ಕಂಡು ನಗುವುದು ಸುಲಭ. ಆದರೂ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು: ಮೀನುಗಾರರನ್ನು ಸಾಲದ ಅರ್ಜಿಗಳಲ್ಲಿ ಮಾತ್ರ ಕಂಡಿದ್ದ ಈ ಕಣ್ಣುಗಳು ಈಗ ಮುಂಜಾನೆಯೇ ಬಂದರಿನ ದಕ್ಕೆಗೆ ಹೋಗಿ, ಬುಟ್ಟಿಯೊಳಗಿನ ಬಂಗುಡೆಯ ಬೆನ್ನ ಮೇಲೆ ಎಳೆಬಿಸಿಲು ನೀಲಿಯಾಗಿ ಜಾರುವುದನ್ನು ನಿಂತು ನೋಡುತ್ತವೆ. ಚಿತ್ರವು ಅಲುಗಿದ್ದರೂ ನೋಟವು ಅಲುಗಿಲ್ಲ.

ಆದರೆ ಗೃಹಪ್ರವೇಶಗಳಲ್ಲಿ ಎಚ್ಚರ ಅಗತ್ಯ. ಎಫ್ 1.8ರ ವ್ಯಾಮೋಹವು ಇವರನ್ನು ಇನ್ನೂ ಬಿಟ್ಟಿಲ್ಲವಾಗಿ, ಮುಂದೆ ಕುಳಿತ ಮಕ್ಕಳ ಬಿದ್ದ ಹಲ್ಲಿನ ಸಂದೂ ಸ್ಪಷ್ಟವಾಗಿ ಮೂಡುವ ಅದೇ ಚಿತ್ರದಲ್ಲಿ ಹಿಂದೆ ನಿಂತ ಸೋದರಮಾವಂದಿರು ಮೇಘರೂಪವನ್ನು ತಾಳುತ್ತಾರೆ. ಆದಕಾರಣ ಇವರ ಎದುರು ಗುಂಪಿನಲ್ಲಿ ನಿಲ್ಲುವ ಪ್ರಸಂಗ ಒದಗಿದರೆ, ವಾಚಕರು ಸಂಕೋಚಪಡದೆ ಮೊದಲನೆಯ ಸಾಲಿನಲ್ಲಿಯೇ ಸ್ಥಳ ಹಿಡಿಯಬೇಕು.