ಹಳೇ ಶಾಫ್ಟು ಅಂಗಡೀಲಿ ಬಿಟ್ಟು ಬರಬೇಡಿ

ನಿನ್ನೆ ಸಂಜೆ ಪಕ್ಕದ ಮನೆ ಮೇಷ್ಟ್ರು ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಎರಡು ಗಂಟು ತಂದಿಟ್ಟರು. ಒಂದು ಹಳೇ ಪೇಪರಿನಲ್ಲಿ ಸುತ್ತಿದ್ದು. ಆಯಿಲ್ ಹೀರಿ ಪೇಪರೆಲ್ಲ ಕಪ್ಪಾಗಿತ್ತು. ಇನ್ನೊಂದು ಉದ್ದನೆಯ ರಟ್ಟಿನ ಡಬ್ಬಿ. ಅವರ ಮಾರುತಿ 800 ಮೂರು ವಾರದಿಂದ ಬಾನೆಟ್ ಎತ್ತಿಕೊಂಡು ಗ್ಯಾರೇಜಿನಲ್ಲಿ ನಿಂತಿದೆ. ಕಾರ್ಬುರೇಟರ್ ಕಾಲದ ಗಾಡಿ. ಮಗಳನ್ನು ಬಾಣಂತನಕ್ಕೆ ಕರೆತಂದಿದ್ದು ಅದರಲ್ಲೇ, ಹಾಗಾಗಿ ಮಾರುವ ಮಾತೇ ಇಲ್ಲ. ಪಿಕಪ್ ಸತ್ತುಹೋಗಿ, ಹೆಡ್ಡಿನಿಂದ ಟಕಟಕ ಸದ್ದು ಬರುತ್ತಿತ್ತು. ಮೆಕ್ಯಾನಿಕ್ ಬಿಚ್ಚಿ ನೋಡಿ, "ಕ್ಯಾಮ್ ಶಾಫ್ಟ್ ಸವೆದುಹೋಗಿದೆ ಸಾರ್, ಹೊಸದು ತನ್ನಿ" ಅಂದನಂತೆ.

"ಇದು ಕೂರುತ್ತಾ ನೋಡಿ ರಾಯರೇ. ಬೆಂಗಳೂರಿಗೆ ಹೋಗಿದ್ದೆ, ಜೆ.ಸಿ. ರಸ್ತೇಲಿ ತಗೊಂಡೆ. 800ಕ್ಕೇ ಅಂತ ಕೊಟ್ಟ. ಬೇಡ ಅಂದ್ರೆ ವಾಪಸ್ ತಗೋತೀನಿ ಅಂದಿದ್ದಾನೆ."

ನಾನು ಮೊದಲು ಬಿಚ್ಚಿದ್ದು ಎಣ್ಣೆ ಗಂಟನ್ನು. ಹಳೆಯದನ್ನು ಹೊತ್ತು ತಂದಿದ್ದರಲ್ಲ, ಅದೇ ನನಗೆ ದೊಡ್ಡ ಸಮಾಧಾನ. "ಇಲ್ಲೇ ಬಿಡಿ ಸಾರ್, ನಿಮಗ್ಯಾಕೆ ಭಾರ" ಅಂತ ಅಂಗಡಿಯವರು ಉಪಚಾರಕ್ಕೆ ಹೇಳುತ್ತಾರೆ, ನಾವೂ ಗುಜರಿ ತಾನೇ ಅಂತ ಬಿಟ್ಟು ಬರುತ್ತೇವೆ. ಹಳೇ ಶಾಫ್ಟು ಹೋದರೆ ಹೊಸದನ್ನು ಪಕ್ಕದಲ್ಲಿಟ್ಟು ನೋಡಲು ಏನು ಉಳಿಯಿತು?

"800ಕ್ಕೇ ಅಂತ ಕೊಟ್ಟ ಅಂದ್ರಿ. ಯಾವ 800? ಆಲ್ಟೊ ಎಂಜಿನ್ನೂ 796 ಸಿಸಿ, ಅದೂ ಮೂರು ಸಿಲಿಂಡರ್. ಆದರೆ ಅದಕ್ಕೆ 12 ವಾಲ್ವು, ನಿಮ್ಮದಕ್ಕೆ 6. ಅದರ ಕ್ಯಾಮು ಇದರ ಹೆಡ್ಡಿಗೆ ಆಗಲ್ಲ. ಸಿಸಿ ಹೇಳಿ, ಗಾಡಿ ಹೆಸರು ಹೇಳಿ ಪಾರ್ಟು ಕೇಳಬಾರದು ಮೇಷ್ಟ್ರೇ. ಎಂಜಿನ್ ನಂಬರು, ಗಾಡಿಯ ವರ್ಷ, ಪಾರ್ಟ್ ನಂಬರು, ಮೂರನ್ನೂ ಬರೆದುಕೊಂಡು ಹೋಗಬೇಕು."

ಎರಡನ್ನೂ ಗೋಡೆಯ ಮೇಲೆ ಪಕ್ಕಪಕ್ಕ ಮಲಗಿಸಿದೆ. ಉದ್ದ ಸರಿ. ಬೆಲ್ಟಿನ ಪುಲ್ಲಿ ಕೂರುವ ತುದಿಯ ಪಿನ್ನು ಸರಿಯಾದ ಜಾಗದಲ್ಲಿದೆ. ಅದು ಸ್ವಲ್ಪ ಆಚೀಚೆ ಆದರೂ ಟೈಮಿಂಗ್ ಮಾರ್ಕು ಎಷ್ಟು ಕೂಡಿಸಿದರೂ ವಾಲ್ವು ತೆರೆಯುವ ಹೊತ್ತು ತಪ್ಪುತ್ತದೆ. ಡಿಸ್ಟ್ರಿಬ್ಯೂಟರ್ ತಿರುಗಿಸುವ ತುದಿ, ಪೆಟ್ರೋಲ್ ಪಂಪನ್ನು ತಳ್ಳುವ ಉಬ್ಬು ಎರಡೂ ಇವೆ. ಕಾರ್ಬುರೇಟರ್ ಗಾಡಿಯಲ್ಲಿ ಈ ಶಾಫ್ಟಿಗೆ ವಾಲ್ವಿನ ಕೆಲಸ ಅಲ್ಲದೆ ಈ ಎರಡು ಚಾಕರಿಯೂ ಇರುತ್ತದೆ. ಆಮೇಲೆ ತುದಿಯಿಂದ ಕಣ್ಣು ಹಾಯಿಸಿ ನೋಡಿದೆ. ಮೂರು ಸಿಲಿಂಡರಿನ ಎಂಜಿನ್ನಿಗೆ ಮೂರು ಇನ್‌ಲೆಟ್ ಲೋಬುಗಳ (ವಾಲ್ವು ತೆರೆಸುವ ಉಬ್ಬುಗಳ) ಮೂಗು 120 ಡಿಗ್ರಿಗೊಂದರಂತೆ, ಮೂರು ರೆಕ್ಕೆಯ ಫ್ಯಾನಿನ ಹಾಗೆ ಕಾಣಬೇಕು. ಕಂಡಿತು.

ಇಲ್ಲಿಯತನಕ ಯಾರು ಬೇಕಾದರೂ ಬರಿಗಣ್ಣಲ್ಲಿ ನೋಡಬಹುದು. ಇನ್ನು ಮುಂದಕ್ಕೆ ಮೈಕ್ರೋಮೀಟರ್ ಬೇಕು. ಮೂವತ್ತು ವರ್ಷ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೂತವನು ನಾನು. ಒಳಗೆ ಹೋಗಿ ತಂದೆ.

ಮೊಟ್ಟೆಯಾಕಾರದ ಲೋಬಿನ ಮೂಗಿನಿಂದ ಬೆನ್ನಿಗೆ ಒಂದು ಅಳತೆ, ಅಡ್ಡಕ್ಕೆ ಒಂದು ಅಳತೆ. ಕಳೆದರೆ ಸಿಗುವುದೇ ಹೆಚ್ಚುಕಡಿಮೆ ಲಿಫ್ಟು, ಅಂದರೆ ಲೋಬು ರಾಕರನ್ನು (ವಾಲ್ವನ್ನು ಒತ್ತುವ ತೋಳನ್ನು) ಎಷ್ಟು ಎತ್ತುತ್ತದೆ ಅನ್ನುವುದು. ಹಳೆಯದರಲ್ಲಿ ಮೂರನೇ ಸಿಲಿಂಡರಿನ ಎಗ್ಸಾಸ್ಟ್ ಲೋಬು ಮೂಗೇ ಇಲ್ಲದಂತೆ ಚಪ್ಪಟೆಯಾಗಿತ್ತು. ಮೇಷ್ಟ್ರ ಬೆರಳು ಹಿಡಿದು ಅದರ ಮೇಲೆ ಓಡಿಸಿದೆ. "ಅಯ್ಯೋ, ಇದು ತಿಂದುಹಾಕಿದ ಹಾಗಿದೆಯಲ್ರೀ" ಅಂದರು. ಪಕ್ಕದ ಎರಡು ಸಿಲಿಂಡರಿನ ಲೋಬುಗಳು ಹೆಚ್ಚು ಸವೆದಿರಲಿಲ್ಲ. ಹೊಸದನ್ನು ಹೋಲಿಸಬೇಕಾದದ್ದು ಸವೆಯದ ಲೋಬಿಗೆ. ಸರ್ವಿಸ್ ಮ್ಯಾನುಯಲ್ ಸಿಕ್ಕರೆ ಅದರ ಅಂಕಿಗೆ.

ಲಿಫ್ಟ್ ಒಂದನ್ನೇ ನೋಡಿ ಒಪ್ಪಿದರೆ ಮೋಸಹೋಗುವ ಸಂಭವ ಇದೆ. ಹಳೇ ಶಾಫ್ಟನ್ನೇ ಮತ್ತೆ ಗ್ರೈಂಡ್ ಮಾಡಿ ಹೊಸ ಡಬ್ಬಿಗೆ ಹಾಕಿದ್ದರೆ ಲೋಬಿನ ಎರಡು ಅಳತೆಯೂ ಒಟ್ಟಿಗೆ ಇಳಿದಿರುತ್ತವೆ, ಲಿಫ್ಟ್ ಮಾತ್ರ ಸರಿ ಇರುತ್ತದೆ. ರೀಗ್ರೈಂಡ್ ಕೆಟ್ಟದ್ದಲ್ಲ, ತಿಳಿದವರು ಮಾಡಿದರೆ ಚೆನ್ನಾಗೇ ಓಡುತ್ತದೆ. ಅದನ್ನು ಹೊಸದು ಅಂತ ಮಾರಿದರೆ ಅದು ಮೋಸ. ಮೇಷ್ಟ್ರು ತಂದದ್ದು ಆ ಜಾತಿಯದಲ್ಲ, ಅಳತೆಗಳು ಕೂಡಿದವು.

"ಆದರೂ ಯಾಕೆ ಇಷ್ಟು ಕಪ್ಪಗಿದೆ? ಹೊಸದು ಫಳಫಳ ಅನ್ನಬೇಡವಾ?"

ಈ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಹೊಸ ಶಾಫ್ಟಿಗೆ ಎಷ್ಟೋ ಸಲ ಮಂಕಾದ ಕಪ್ಪು ಫಾಸ್ಫೇಟ್ ಲೇಪ ಕೊಡುತ್ತಾರೆ. ಓಡಿ ಪಳಗುವ ಮೊದಲ ದಿನಗಳಲ್ಲಿ ಅದು ಆಯಿಲ್ ಹಿಡಿದಿಟ್ಟುಕೊಳ್ಳುತ್ತದೆ. ಹೊಳಪು ಕಂಡು ಹಿಗ್ಗಬೇಕಾಗಿಲ್ಲ, ಕಪ್ಪು ಕಂಡು ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಲೋಬಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ತೂತುಗಳಿದ್ದರೆ; ಗ್ರೈಂಡಿಂಗ್ ಕಾವಿಗೆ ಕಂದಿದ ಕಂದು, ನೀಲಿ ಕಲೆಗಳಿದ್ದರೆ; ಆಯಿಲ್ ತೂತಿನ ಬಾಯಲ್ಲಿ ಬೆರಳಿಗೆ ತಾಕುವ ಮುಳ್ಳು ಉಳಿದಿದ್ದರೆ.

ನನಗೆ ಇಷ್ಟೊಂದು ಕಾಳಜಿ ಯಾಕೆ ಅಂದರೆ, ಅಳತೆಯೆಲ್ಲ ಸರಿ ಇದ್ದ ಒಂದು ಶಾಫ್ಟು ನನಗೆ ಕೈ ಕೊಟ್ಟಿತ್ತು. ಬಹಳ ವರ್ಷಗಳ ಹಿಂದೆ, ನನ್ನದೂ 800 ಇದ್ದಾಗ, ಬೇರೆ ಊರಿನ ಅಂಗಡಿಯೊಂದರಿಂದ ತಂದದ್ದು. ಚೆನ್ನಾಗಿ ಕೂತಿತು, ಎಂಜಿನ್ ಹೂವಿನ ಹಾಗೆ ಓಡಿತು. ಒಂದು ವರ್ಷ ತುಂಬುವ ಮೊದಲೇ ಲೋಬು ಬೆಲ್ಲದಚ್ಚಿನ ಹಾಗೆ ಕರಗಿತ್ತು. ಆಕಾರ ಇತ್ತು, ಗಡಸುತನ ಇರಲಿಲ್ಲ.

ಈ ಗಡಸುತನ ಹುಟ್ಟುವುದು ಫೌಂಡ್ರಿಯಲ್ಲಿ. ಮರಳಿನ ಅಚ್ಚಿನಲ್ಲಿ ಲೋಬು ಬರುವ ಜಾಗಕ್ಕೆ ಮಾತ್ರ ಕಬ್ಬಿಣದ ತುಂಡುಗಳನ್ನು ಹೂಳುತ್ತಾರೆ; ಅದಕ್ಕೆ ಚಿಲ್ ಅಂತಾರೆ. ಕರಗಿದ ಕಬ್ಬಿಣ ಅಲ್ಲಿಗೆ ತಾಕಿದೊಡನೆ ಗಕ್ಕನೆ ತಣಿದು ಬಿಳಿ ಕಬ್ಬಿಣವಾಗಿ ಕಲ್ಲಿನಂತಾಗುತ್ತದೆ. ಉಳಿದ ಮೈ ನಿಧಾನ ತಣಿದು ಲೇತಿಗೆ ಒಗ್ಗುವಷ್ಟು ಮೆದುವಾಗಿರುತ್ತದೆ. ಒಂದೇ ಎರಕದಲ್ಲಿ ಎರಡು ಗುಣ. ಇದನ್ನು ಮೊದಲ ಸಲ ಕಣ್ಣಾರೆ ಕಂಡಾಗ ನನಗೆ ಆದ ಸಂತೋಷ ಇವತ್ತಿಗೂ ಹಾಗೇ ಇದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಕ್ಯಾಮು ಅದರ ಅರ್ಧ, 1500 ಸುತ್ತು. ಅಂದರೆ ಒಂದೊಂದು ಲೋಬೂ ಸೆಕೆಂಡಿಗೆ 25 ಸಲ ವಾಲ್ವಿನ ಸ್ಪ್ರಿಂಗನ್ನು ಒತ್ತಬೇಕು. ಮೆತ್ತನೆಯ ಕಬ್ಬಿಣ ಎಷ್ಟು ದಿನ ತಡೆದೀತು! (ನಮ್ಮ ಮೈಸೂರಲ್ಲೇ ತಯಾರಾಗುತ್ತಿದ್ದ ಜಾವಾ, ಎಜ್ಡಿಗಳಿಗೆ ಈ ಕಷ್ಟವೇ ಇರಲಿಲ್ಲ. ಟೂ ಸ್ಟ್ರೋಕ್ ಎಂಜಿನ್, ಅದರಲ್ಲಿ ಕ್ಯಾಮ್ ಶಾಫ್ಟೇ ಇಲ್ಲ.)

ಮೇಷ್ಟ್ರು ತಂದದ್ದಕ್ಕೆ ಆ ಗಡಸುತನ ಇದೆಯಾ ಅಂತ ನೋಡಲು ಸಣ್ಣ ಅರ ತಂದು, ಮೊದಲು ಹಳೆಯದರ ಸವೆಯದ ಲೋಬಿನ ಪಕ್ಕದ ಅಂಚಿಗೆ, ರಾಕರ್ ಮುಟ್ಟದ ಕಡೆ, ಒಂದು ಎಳೆ ಎಳೆದೆ. ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಶಾಫ್ಟಿನ ನಡುಮೈಗೆ ಎಳೆದೆ, ಕಚ್ಚಿತು. ಈ ಎರಡರ ವ್ಯತ್ಯಾಸ ಕೈಗೆ ಗೊತ್ತಾದ ಮೇಲೆ ಹೊಸದಕ್ಕೆ. ಎಳೆಯುವ ಮುಂಚೆ ಮೇಷ್ಟ್ರನ್ನು ಕೇಳಿದೆ, ಯಾಕೆಂದರೆ ಅರದ ಗೀರು ಬಿದ್ದ ಮಾಲನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಾರ. "ಎಳೀರಿ" ಅಂದರು. ಜಾರಿತು. ಇಬ್ಬರಿಗೂ ಉಸಿರು ಬಂತು.

"ಅಂದ್ರೆ ಲೋಕಲ್ ಆದ್ರೂ ಪರವಾಗಿಲ್ಲ ಅನ್ನಿ."

ಈ ಮಾತಿಗೆ ನಾನು ಸ್ವಲ್ಪ ಜೋರಾಗಿಯೇ ಉತ್ತರ ಕೊಟ್ಟೆ. ತನ್ನದೇ ಹೆಸರಲ್ಲಿ ಪಾರ್ಟು ಮಾಡಿ ಮಾರುವವನನ್ನು ಲೋಕಲ್ ಅಂತ ಹೀಗಳೆಯಬಾರದು. ಕಾರಿನ ಕಂಪನಿಗಳೇ ಹೊರಗಿನಿಂದ ಕ್ಯಾಮ್ ಶಾಫ್ಟ್ ತರಿಸಿಕೊಳ್ಳುತ್ತವೆ. ಇಲ್ಲೇ ಗಡಿಯಾಚೆ ಸೊಲ್ಲಾಪುರದಲ್ಲಿ 1992ರಲ್ಲಿ ಶುರುವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ದೇಶ ವಿದೇಶದ ಕಾರು ಕಂಪನಿಗಳಿಗೆ ಮಾಡಿಕೊಡುತ್ತಾ ಬಂದಿದೆ. ಇನ್ನೊಬ್ಬರ ಹೆಸರು, ಲೋಗೋ ಅಚ್ಚುಹಾಕಿ ಮಾರುವವನು ಡೂಪ್ಲಿಕೇಟು. ಅವನ ಸಹವಾಸ ಬೇಡ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ ಇರಬೇಕು ಅಂತ ಕಾನೂನೇ ಇದೆ. ಅವನ್ನು ಓದಿ, ಬಿಲ್ಲು ಹಾಕಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಕತ್ತಲಾಗುತ್ತಾ ಬಂತು. ಮೇಷ್ಟ್ರು ಹೊಸದನ್ನು ಡಬ್ಬಿಗಿಟ್ಟರು. ಹಳೆಯದನ್ನು ಸುತ್ತಲು ಹೋದಾಗ ನಾನು ತಡೆದೆ.

"ಒಂದೇ ಲೋಬು ಯಾಕೆ ಸವೀತು ಅಂತ ಮೆಕ್ಯಾನಿಕ್ ಹೇಳಿದನಾ?"

"ಇಲ್ಲವಲ್ಲ."

"ಆ ಲೋಬಿನ ಮೇಲೆ ಕೂರೋ ರಾಕರ್ ಆರ್ಮ್ ತೆಗೆದು ಅದರ ಮುಖ ನೋಡಲಿ. ಗುಂಡಿ ಬಿದ್ದಿದ್ದರೆ ಬದಲಾಯಿಸಲೇಬೇಕು, ಇಲ್ಲದಿದ್ದರೆ ಹೊಸ ಲೋಬನ್ನೂ ಅದು ತಿನ್ನುತ್ತೆ. ಆಮೇಲೆ ಹೆಡ್ಡಿನ ಆಯಿಲ್ ದಾರಿಗೆ ಗಾಳಿ ಹೊಡೆದು ನೋಡಲಿ. ಗಷ್ಟು ಕಟ್ಟಿ ಆ ಕಡೆಗೆ ಆಯಿಲ್ಲೇ ಹೋಗದೆ ಇದ್ದಿರಬಹುದು. ರಾಕರ್ ಕೂರಿಸೋ ಮುಂಚೆ ಬರೀ ಶಾಫ್ಟಿಗೆ ಆಯಿಲ್ ಸವರಿ ಹೆಡ್ಡಿಗೆ ಇಳಿಸಿ, ನೀವೇ ಎರಡು ಬೆರಳಲ್ಲಿ ತಿರುಗಿಸಿ ನೋಡಿ. ಒಂದು ಸುತ್ತಿನಲ್ಲಿ ಎಲ್ಲೂ ಹಿಡೀಬಾರದು. ಹಿಡಿದರೆ ಶಾಫ್ಟು ಬಾಗಿದೆ ಅಂತಲೋ, ಹೆಡ್ಡಿನಲ್ಲಿ ಕೂತು ತಿರುಗೋ ಜರ್ನಲ್ ದಪ್ಪ ಇದೆ ಅಂತಲೋ ಅರ್ಥ."

ಮೇಷ್ಟ್ರು ಅಲ್ಲೇ ಮೊಬೈಲ್ ತೆಗೆದು ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು. "ನಾಳೆ ಬೆಳಿಗ್ಗೆ ನಾನೂ ಬರ್ತೀನಪ್ಪಾ, ಅಲ್ಲೀತನಕ ಏನೂ ಜೋಡಿಸಬೇಡ. ರಾಕರ್ ಒಂದು ಬಿಚ್ಚಿಟ್ಟಿರು." ಆಮೇಲೆ ಹಳೇ ಶಾಫ್ಟನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಇದನ್ನೂ ತಗೊಂಡೇ ಹೋಗ್ತೀನಿ" ಅಂದರು.