ಮೀನಿನ ಊಟ, ಮನುಷ್ಯರ ಮಡಿ

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಟೆಸ್ಟ್ ಎಂಬ ನದಿಯಿದೆ. ಸೀಮೆಸುಣ್ಣದ ನೆಲದಿಂದ ಉಕ್ಕುವ ತಿಳಿನೀರು. ಒಳಗಿನ ಟ್ರೌಟ್ ಮೀನು ನಮಗೆ ಚೆನ್ನಾಗಿ ಕಾಣುತ್ತದೆ. ತೊಂದರೆಯೆಂದರೆ, ನಾವೂ ಅದಕ್ಕೆ ಅಷ್ಟೇ ಚೆನ್ನಾಗಿ ಕಾಣುತ್ತೇವೆ.

ಈ ಮೀನು ಹಿಡಿಯಲು ಎರೆಹುಳು ಚುಚ್ಚಿ ದಡದಲ್ಲಿ ತೂಕಡಿಸುವ ಗಾಳ ಸಾಲದು. ಕೊಕ್ಕೆಗೆ ರೇಷ್ಮೆ ನೂಲು, ಹುಂಜದ ಕುತ್ತಿಗೆಯ ಗರಿ ಸುತ್ತಿ ಹುಸಿನೊಣ ಕಟ್ಟಬೇಕು. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ಬೀಸುವುದು ದಪ್ಪ ದಾರವನ್ನು. ನೊಣ ದಿಬ್ಬಣದ ಹಿಂದೆ ಓಡುವ ಮಗುವಿನಂತೆ ಸುಮ್ಮನೆ ಹಿಂಬಾಲಿಸುತ್ತದೆ.

ಅಂಗಡಿಗೆ ಹೋದರೆ ಲೆಕ್ಕವೇ ತಲೆಕೆಳಗು. ದಾರದ ನಂಬರು ಏರಿದರೆ ದಾರ ಭಾರ. ಕೊಕ್ಕೆಯ ನಂಬರು ಏರಿದರೆ ಕೊಕ್ಕೆ ಚಿಕ್ಕದು. ನೊಣವನ್ನು ದಾರಕ್ಕೆ ಸೇರಿಸುವ ತುದಿಯ ಎಳೆಯ ನಂಬರು ಏರಿದರೆ ಎಳೆ ತೆಳ್ಳಗೆ! ಹೊಸಬರಿಗೆ 9 ಅಡಿಯ ಕೋಲು, 5ನೇ ನಂಬರಿನ ದಾರ ಸಾಕು. ಮಿಕ್ಕಿದ್ದೆಲ್ಲ ಅಂಗಡಿಯವರ ಸಂಸಾರಕ್ಕೆ.

ಟ್ರೌಟ್ ಹರಿವಿಗೆ ಮುಖಮಾಡಿ ನಿಲ್ಲುತ್ತದೆ. ಹಾಗಾಗಿ ಕೆಳಗಿನಿಂದ, ಬೆನ್ನ ಹಿಂದೆ ಬರಬೇಕು. ನೆರಳೂ ನೀರಿಗೆ ಬೀಳಬಾರದು. ನೊಣ ಹರಿವಿನ ವೇಗದಲ್ಲೇ ತೇಲಬೇಕು. ದಾರ ಕೊಂಚ ಎಳೆದರೂ ಮೀನಿಗೆ ಅನುಮಾನ.

ಇಷ್ಟಾದ ಮೇಲೆ ಮಡಿಯ ಪ್ರಶ್ನೆ. 1886ರಲ್ಲಿ ಹುಸಿನೊಣಗಳ ಬಗ್ಗೆ ಪುಸ್ತಕ ಬರೆದ ಫ್ರೆಡರಿಕ್ ಹಾಲ್‌ಫರ್ಡ್ ತೇಲುವ ನೊಣವನ್ನೇ ಸಂಪ್ರದಾಯವಾಗಿಸಿದರು. 1910ರಲ್ಲಿ ಜಿ.ಇ.ಎಂ. ಸ್ಕೂಸ್ ಎಂಬ ವಕೀಲರು, ಮುಳುಗುವ ನೊಣವೂ ಸರಿಯೇ ಎಂದು ಬರೆದರು. ಜಗಳ ಬೆಳೆದು 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಚರ್ಚೆಯೇ ನಡೆಯಿತು. ಮೀನನ್ನು ಮಾತ್ರ ಯಾರೂ ಕೇಳಲಿಲ್ಲ. ಟ್ರೌಟ್ ಬಹುಪಾಲು ಊಟ ಮುಗಿಸುವುದು ನೀರಿನೊಳಗೇ. ನನ್ನ ಓಟು ವಕೀಲರಿಗೆ.