ಪ್ರವಾಸಾಂತ ನಿರ್ಣಯ: ಒಂದು ಬೆನ್ನುಚೀಲ ಮೀಮಾಂಸೆ

ವಿದೇಶ ಪ್ರವಾಸ ಆರಂಭವಾಗುವುದು ಯಾವಾಗ ಎಂಬ ಬಗ್ಗೆ ಪಂಡಿತರಲ್ಲಿ ತಕರಾರಿಲ್ಲ. ರಜೆ ಮಂಜೂರಾದ ಗಳಿಗೆಯಲ್ಲೇ ಅದು ಶುರು. ಮುಂದಿನ ಎರಡು ವಾರ ಆಫೀಸಿನಲ್ಲಿರುವುದು ದೇಹ ಮಾತ್ರ. ಆದರೆ ಪ್ರವಾಸ ಮುಗಿಯುವುದು ಯಾವಾಗ? ಈ ಪ್ರಶ್ನೆಯನ್ನು ನಮ್ಮ ಪ್ರವಾಸ ಸಾಹಿತ್ಯದ ಹಿರಿಯರು ಕಿರಿಯರಿಗೆಂದೇ ಬಿಟ್ಟುಹೋದಂತಿದೆ. ನಮ್ಮೂರ ಮಗ್ಗುಲಿನ ಕೋಟದವರೇ ಆದ ಶಿವರಾಮ ಕಾರಂತರು ಯುರೋಪಿಗೆ ಹೋಗಿಬಂದು 'ಅಪೂರ್ವ ಪಶ್ಚಿಮ' ಬರೆದರು. ನಾನು ಹೋದದ್ದು ಪೂರ್ವಕ್ಕೆ. ಹಾಗಾಗಿ 'ಅಪೂರ್ವ' ಎಂಬ ವಿಶೇಷಣ ವ್ಯಾಕರಣದ ಬಲದಿಂದಲೇ ನನ್ನ ಕೈತಪ್ಪಿತು. ಉಳಿದದ್ದು ಈ ಮೀಮಾಂಸೆ.

ಮೊದಲು ಪದವಿಚಾರ. 'ಬೆನ್ನುಚೀಲ'ವನ್ನು ಬೆನ್ನಿನ ಚೀಲ ಎಂದು ಬಿಡಿಸಿದರೆ ತತ್ಪುರುಷ. ಇದು ಮೊದಲ ವಾರಕ್ಕೆ ಮಾತ್ರ ಸಲ್ಲುವ ವಿಗ್ರಹವಾಕ್ಯ. ಎರಡನೆಯ ವಾರದಿಂದ ಬೆನ್ನೇ ಚೀಲದ್ದಾಗುತ್ತದೆ. ಕೊನೆಯ ವಾರಕ್ಕೆ ಬರುವಾಗ ಇದು ಶುದ್ಧ ಬಹುವ್ರೀಹಿ: ಬೆನ್ನಿನಲ್ಲಿ ಚೀಲವುಳ್ಳವನು ಆವನೋ ಅವನು. ಮುಕ್ಕಣ್ಣ ಎಂದರೆ ಕಣ್ಣಲ್ಲ, ಶಿವ. ಹಾಗೆಯೇ ಬೆನ್ನುಚೀಲ ಎಂದರೆ ಚೀಲವಲ್ಲ, ಹಾಸ್ಟೆಲಿನ ಮೇಲಿನ ಮಂಚದಲ್ಲಿ ಕತ್ತಲೆಯಲ್ಲಿ ಚಾರ್ಜರ್ ತಡಕುತ್ತಿರುವ ನಾನು. ಇನ್ನೊಂದು ಸೋಜಿಗ, ಈ ಚೀಲವನ್ನು ಮಾರುವುದು ಲೀಟರಿನ ಲೆಕ್ಕದಲ್ಲಿ. ನನ್ನದು 40 ಲೀಟರಿನದು. ದ್ರವವಲ್ಲದ್ದನ್ನು ಲೀಟರಿನಲ್ಲಿ ಅಳೆಯುವುದರ ತಾತ್ಪರ್ಯವೇನು ಎಂಬುದು ಈ ಪ್ರಬಂಧದ ಕೊನೆಯಲ್ಲಿ ತಾನಾಗಿ ಬಗೆಹರಿಯಲಿದೆ.

ಇನ್ನು ಕ್ಷೇತ್ರಕಾರ್ಯ. ಥಾಯ್ಲೆಂಡಿನಿಂದ ಹೊರಟು ಲಾವೋಸ್, ವಿಯೆಟ್ನಾಂ, ಕಾಂಬೋಡಿಯ ಸುತ್ತಿ ಮತ್ತೆ ಥಾಯ್ಲೆಂಡಿಗೇ ಬರುವ ಈ ದಾರಿಗೆ ಚೀಲದ ಸಂಪ್ರದಾಯದವರು 'ಬನಾನಾ ಪ್ಯಾನ್‌ಕೇಕ್ ಹಾದಿ' ಎನ್ನುತ್ತಾರೆ. ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1975ರಲ್ಲಿ ಹೊರತಂದ ಆಗ್ನೇಯ ಏಷ್ಯಾದ ಕೈಪಿಡಿ ಈ ಸಂಪ್ರದಾಯದ ಸೂತ್ರಗ್ರಂಥ. ಅನ್ನ ಉಣ್ಣುವ ನಾಡಿನ ಹಾದಿಗೆ ಬಾಳೆಹಣ್ಣಿನ ದೋಸೆಯ ಹೆಸರು ಬಂದದ್ದೇ ಯಾತ್ರಿಕರು ಎಲ್ಲಿಯವರು ಎಂಬುದಕ್ಕೆ ಸಾಕ್ಷಿ. ಹಾದಿಯ ಮೂಲಸ್ಥಾನ ಬ್ಯಾಂಕಾಕಿನ ಖಾವ್ ಸಾನ್ ರಸ್ತೆ. ಥಾಯ್ ಭಾಷೆಯಲ್ಲಿ ಹಾಗೆಂದರೆ ಗಿರಣಿಯಿಂದ ಬಂದ ಅಕ್ಕಿ. ಹಿಂದೆ ಅಲ್ಲಿ ಅಕ್ಕಿ ವ್ಯಾಪಾರ ನಡೆಯುತ್ತಿತ್ತು. ಈಗ ಅಲ್ಲಿ ಆನೆ ಚಿತ್ರದ ಪೈಜಾಮ, ಕೋಲಿಗೆ ಚುಚ್ಚಿದ ಚೇಳು ಮತ್ತು ನಾನು.

31 ದಿನಗಳ ಅನುಭವವನ್ನು ಇಲ್ಲಿ ವಿವರಿಸುವುದಿಲ್ಲ. ವಿಷಯ ಪ್ರವಾಸವಲ್ಲ, ಅದರ ಅಂತ್ಯ. ಮೆಕಾಂಗ್ ನದಿಯಲ್ಲಿ ಹಳೆಯ ಕಾರಿನ ಸೀಟುಗಳನ್ನು ಜೋಡಿಸಿದ ದೋಣಿಯಲ್ಲಿ ಕೂತು, ಪಾಕ್ ಬೆಂಗ್‌ನಲ್ಲಿ ಒಂದು ರಾತ್ರಿ ಮಲಗಿ, ಎರಡು ದಿನಕ್ಕೆ ಲುವಾಂಗ್ ಪ್ರಬಾಂಗ್ ಮುಟ್ಟಿದಾಗಲೂ ಅಂತ್ಯದ ಯೋಚನೆ ಬರಲಿಲ್ಲ. ಅಂಕೋರ್ ವಾಟ್‌ನಲ್ಲಿ ಮಾತ್ರ ಒಂದು ಸೂಚನೆ ಸಿಕ್ಕಿತು. ಅಲ್ಲಿನ ಪೂರ್ವದ ಮೊಗಸಾಲೆಯಲ್ಲಿ 49 ಮೀಟರ್ ಉದ್ದಕ್ಕೆ ಸಮುದ್ರಮಥನವನ್ನು ಕೆತ್ತಿದ್ದಾರೆ. ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ, ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ್ದು 1117ರಲ್ಲಿ. ಇಬ್ಬರೂ ಸಮಕಾಲೀನರು. ಇದನ್ನು ಪಕ್ಕದಲ್ಲಿದ್ದ ಡಚ್ ಹುಡುಗನಿಗೆ ವಿವರಿಸುತ್ತಾ ಹೋದೆ. ಅವನು ಪಶ್ಚಿಮದ ಮೊಗಸಾಲೆಯ ಕಡೆಗೆ ನಡೆದುಬಿಟ್ಟ.

ಈಗ ಸಿದ್ಧಾಂತ. ಪ್ರವಾಸದ ಅಂತ್ಯವೆಂದರೆ ಮನೆ ಮತ್ತು ಪರದೇಶ ಒಂದಕ್ಕೊಂದು ತಾಗುವ ಜಾಗ. ಎರಡು ತಾಗಿದಲ್ಲಿ ಸಂಧಿ. ಸಂಧಿ ಎಂದಮೇಲೆ 'ಶಬ್ದಮಣಿದರ್ಪಣ'ದ ಕೇಶಿರಾಜನನ್ನು ಬಿಟ್ಟು ಬೇರೆ ಯಾರ ಬಾಗಿಲು ಬಡಿಯುವುದು?

ಲೋಪಸಂಧಿಗೆ ಉದಾಹರಣೆ ಕಿಸೆ. ವಿಯೆಟ್ನಾಮಿನಲ್ಲಿ ನಾನು ಕೋಟ್ಯಧಿಪತಿಯ ಹತ್ತಿರ ಹತ್ತಿರ ಬಂದಿದ್ದೆ. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಐದು ಲಕ್ಷದ ಒಂದೇ ನೋಟು ಇದೆ. ಕಾಫಿ ಕುಡಿದು ಮೂವತ್ತು ಸಾವಿರ ಎಣಿಸಿಕೊಡುವ ಆ ಗತ್ತು ಊರಿಗೆ ಬರುವಷ್ಟರಲ್ಲಿ ಹೇಗೆ ಲೋಪವಾಯಿತೆಂದರೆ, 'ಊರು' ಮುಂದೆ 'ಅನ್ನು' ಬಂದಾಗ ಉಕಾರ ಬಿದ್ದುಹೋಗುವಂತೆ. ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ಆಗಮಸಂಧಿ ಇನ್ನೂ ವಿಚಿತ್ರ. ಎರಡು ಸ್ವರಗಳ ನಡುವೆ ಯಾರೂ ಕರೆಯದೆ ಬಂದು ಕೂರುವ ಯಕಾರದಂತೆ, ನನ್ನ ಎರಡು ಅಂಗಿಗಳ ನಡುವೆ ಆನೆ ಪೈಜಾಮವೊಂದು ಬಂದು ಕೂತಿತ್ತು. ಕೊಂಡ ನೆನಪಿಲ್ಲ. ಕಾಂಬೋಡಿಯದಲ್ಲಿ ಡಾಲರ್ ಕೊಟ್ಟರೆ ಚಿಲ್ಲರೆ ರಿಯೆಲ್‌ನಲ್ಲಿ ಬರುತ್ತದೆ, ಡಾಲರಿಗೆ ನಾಲ್ಕು ಸಾವಿರದಂತೆ. ಆ ರಿಯೆಲ್‌ಗಳೂ ಹೀಗೆಯೇ ಪುಸ್ತಕದ ಪುಟಗಳ ನಡುವೆ ಆಗಮವಾಗಿ ನಿಂತಿವೆ.

ಆದೇಶದಲ್ಲಿ ಪರುಷವರ್ಣ ಹೋಗಿ ಸರಳ ಬರುತ್ತದೆ: ಮಳೆಕಾಲ ಮಳೆಗಾಲವಾಗುತ್ತದೆ. ಒಂದು ತಿಂಗಳು ತುಕ್‌ತುಕ್‌ನವರ ಮುಂದೆ ಒಂದು ಡಾಲರಿಗಾಗಿ ಗುಡುಗಿದ ನನ್ನ ಪರುಷವಾಣಿ, ಬೆಂಗಳೂರಿನಲ್ಲಿ ಬೆಳಗಿನ ಜಾವ ಆಟೋದವರು "ಮೀಟರ್ ಮೇಲೆ ನೂರು" ಎಂದ ಕ್ಷಣ ಸರಳವಾಯಿತು. ಕೇಶಿರಾಜನ ಸೂತ್ರಕ್ಕೆ ಇದಕ್ಕಿಂತ ಶುದ್ಧವಾದ ಪ್ರಯೋಗ ನನಗೆ ಸಿಕ್ಕಿಲ್ಲ. ಸಂಧಿಯೇ ಆಗದೆ ಉಳಿಯುವ ಪ್ರಕೃತಿಭಾವವೂ ಉಂಟು. ಅದು "ಅಬ್ಬಾ, ಅಂತೂ ಬಂದೆ!" ಎಂಬ ಉದ್ಗಾರದಲ್ಲಿ ಕಾಣಿಸುತ್ತದೆ.

ಆದರೆ ಇದೆಲ್ಲ ಘಟಿಸುವ ಕ್ಷಣ ಯಾವುದು? ಇಲ್ಲಿ ಪಂಥಗಳು ಒಡೆಯುತ್ತವೆ. ವಿಮಾನವಾದಿಗಳ ಪ್ರಕಾರ ಎಲ್ಲವೂ ಮುಗಿಯುವುದು ಸುವರ್ಣಭೂಮಿ ನಿಲ್ದಾಣದಲ್ಲಿ. 2006ರಲ್ಲಿ ತೆರೆದ ಆ ನಿಲ್ದಾಣದ ನಿರ್ಗಮನ ಭಾಗದಲ್ಲೂ ಸಮುದ್ರಮಥನದ ದೊಡ್ಡ ಶಿಲ್ಪವಿದೆ. ದೇವತೆಗಳು ಒಂದು ಕಡೆ, ಅಸುರರು ಇನ್ನೊಂದು ಕಡೆ, ನಡುವೆ ವಾಸುಕಿ. ಏಳು ಕಿಲೋ ಮೀರಿದರೆ ದಂಡ ಎಂಬ ಸುದ್ದಿ ತಲುಪಿದ್ದರಿಂದ ನಾನು ಅದರ ಮುಂದೆಯೇ ಕೂತು ಚೀಲ ಮಥಿಸಲು ತೊಡಗಿದೆ. ಒಂದು ಕಾಲುಚೀಲ ಬಂತು, ಅದರ ಜೊತೆಗಾರ ಬರಲಿಲ್ಲ. ಒದ್ದೆ ಟವೆಲ್ ಬಂತು. ಹೋಟೆಲುಗಳ ಸಾಬೂನು ಎಂಟು. ಕೊನೆಗೆ ತಳದಿಂದ ಹಾಲಾಹಲ ಹೊರಟಿತು: ವಿಯೆಟ್ನಾಮಿನ ನುವೋಕ್ ಮಾಮ್, ಅಂದರೆ ಸಣ್ಣ ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಕೊಳೆಸಿ ಇಳಿಸಿದ ರಸ. ಭದ್ರತಾ ತಪಾಸಣೆಯ ನಿಯಮಕ್ಕೆ ಒಗ್ಗುವ ಪುಟ್ಟ ಶೀಶೆ, ಆದರೆ ಮುಚ್ಚಳ ಸಡಿಲ. ಸುತ್ತ ಕೂತಿದ್ದ ದೇವಾಸುರರೆಲ್ಲ ಮೆಲ್ಲಗೆ ಎದ್ದು ಬೇರೆ ಕುರ್ಚಿ ಹುಡುಕಿದರು. ಕುಡಿಯಲು ನೀಲಕಂಠ ಯಾರೂ ಮುಂದೆ ಬರಲಿಲ್ಲ. ಮೂರು ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು, ಆರು ಕಿಲೋ ಎಂಟುನೂರು ಗ್ರಾಮಿನ ಚೀಲದೊಂದಿಗೆ ವಿಮಾನ ಹತ್ತಿದೆ.

ಮುದ್ರಾವಾದಿಗಳು ಪಾಸ್‌ಪೋರ್ಟಿನ ಮೇಲೆ ಬೀಳುವ ಠಸ್ಸೆಯೇ ಅಂತ್ಯವೆನ್ನುತ್ತಾರೆ. ಇವರಿಗೆ ಒಂದು ಪ್ರಶ್ನೆ. ಹೋಗುವಾಗ ಗಡಿಯಾರದಲ್ಲಿ ಕಳೆದುಹೋಗಿದ್ದ ಒಂದೂವರೆ ಗಂಟೆ ಬರುವಾಗ ವಾಪಸ್ ಸಿಗುತ್ತದಲ್ಲ, ಆ ಒಂದೂವರೆ ಗಂಟೆ ಪ್ರವಾಸದ್ದೋ ಊರಿನದ್ದೋ? ಈವರೆಗೆ ಉತ್ತರ ಬಂದಿಲ್ಲ.

ಗಂಜಿವಾದ ಇವೆರಡಕ್ಕಿಂತ ಗಟ್ಟಿ. ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಕುಂದಾಪುರಕ್ಕೆ ಬಂದು, ಮನೆಯ ಜಗಲಿಯಲ್ಲಿ ಕೂತು, ಬಿಸಿ ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ಕಚ್ಚಿದಾಗ ನನಗೂ ಈ ವಾದ ಸರಿಯೆನಿಸಿತ್ತು. ಅಷ್ಟರಲ್ಲಿ ಅಮ್ಮ ಚೀಲದ ಬಾಯಿ ಬಿಚ್ಚಿ, ಮೂಗು ಮುಚ್ಚಿ, "ಎಂತ ಮಗಾ ಇದು? ಒಣಮೀನು ತೊಳ್ದ ನೀರಾ?" ಎಂದರು. ಒಂದು ತಿಂಗಳಲ್ಲಿ ನುವೋಕ್ ಮಾಮ್‌ಗೆ ಇಷ್ಟು ಖಚಿತವಾದ ವ್ಯಾಖ್ಯೆಯನ್ನು ಯಾವ ಅಡುಗೆ ತರಗತಿಯೂ ಕೊಟ್ಟಿರಲಿಲ್ಲ. ಪ್ರವಾಸ ಮತ್ತೆ ಜೀವ ಪಡೆದು ಮನೆಯೆಲ್ಲ ವ್ಯಾಪಿಸಿತು. ಗಂಜಿವಾದ ಅಲ್ಲೇ ಬಿದ್ದುಹೋಯಿತು.

ಚೀಲವನ್ನು ಎರಡು ಸಲ ತೊಳೆದು ಬಿಸಿಲಿಗೆ ಹಾಕಿದರು. ಅದು ಒಣಗಿದ ಮೇಲೂ ನಾನು ಅದರ ಹತ್ತಿರ ಹೋಗಲಿಲ್ಲ. ಮೂಲೆಯಲ್ಲಿ, ಪಟ್ಟಿಗಳನ್ನು ಚಾಚಿಕೊಂಡು, ಮೂರು ವಾರ ಹಾಗೆಯೇ ಕೂತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ ಮೆಕಾಂಗ್ ನದಿಯಿಂದ ಕಥೆ ಶುರು ಮಾಡುತ್ತಿದ್ದೆ. ನಾಲ್ಕನೆಯ ವಾರ ಅಪ್ಪ ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಷ್ಟು ಹಿಡೀತದೆ?"

"ನಲವತ್ತು ಲೀಟರ್."

"ಲೀಟರಾ? ಇದ್ರಲ್ಲಿ ಎಂತ, ಹಾಲು ತರುದಾ?"

ನಾನು ವಿವರಿಸಲು ಬಾಯ್ತೆರೆಯುವಷ್ಟರಲ್ಲಿ ಅವರು ಚೀಲ ಹೆಗಲಿಗೇರಿಸಿ ಸ್ಕೂಟರ್ ಚಾಲೂ ಮಾಡಿಯಾಗಿತ್ತು. ಸೊಂಟದ ಪಟ್ಟಿ ಎರಡೂ ಕಡೆ ನೇತಾಡುತ್ತಿತ್ತು. ಒಂದು ಗಂಟೆ ಬಿಟ್ಟು ಬಂದವರು ಅದನ್ನು ಜಗಲಿಯ ಮೇಲೆ ದೊಪ್ಪನೆ ಇಳಿಸಿ, ಬೆನ್ನು ನೇರ ಮಾಡಿ, "ಅಡ್ಡಿಲ್ಲ, ಬೆನ್ನು ಎಳೆಯುದಿಲ್ಲ" ಎಂದರು. ಅಮ್ಮ ಜಿಪ್ಪು ಎಳೆದರು. ಒಳಗೆ ಗಿರಣಿಯಿಂದ ಆಗಷ್ಟೇ ಬಂದ ಅಕ್ಕಿ, ಇಪ್ಪತ್ತು ಕಿಲೋ, ಇನ್ನೂ ಬೆಚ್ಚಗಿತ್ತು.